ಬಣ್ಣ ಹಚ್ಚಿದ ಮೇಲೆ ಮಾತಿಲ್ಲ

ವಾರದ ದಿನಗಳಲ್ಲಿ ಲೊರೆಟ್ಟಾ ಹುಡಾಕ್ ಸತ್ತವರನ್ನು ಬದುಕಿದವರಂತೆ ಕಾಣಿಸುತ್ತಿದ್ದಳು. ಶನಿವಾರ ಬಂತೆಂದರೆ ಬದುಕಿದವರನ್ನು ಸತ್ತವರಂತೆ ಕಾಣಿಸುತ್ತಿದ್ದಳು. ಮೊದಲನೆಯದು ಹೊಟ್ಟೆಪಾಡು. ಪಿಟ್ಸ್‌ಬರ್ಗಿನಿಂದ ನದಿಗುಂಟ ಹೋದರೆ ಸಿಗುವ ಆ ಉಕ್ಕಿನ ಊರಿನಲ್ಲಿ ಕುಲುಮೆಗಳು ಆರಿ ಒಂದು ತಲೆಮಾರೇ ಕಳೆದಿತ್ತು, ಶವಸಂಸ್ಕಾರದ ಮನೆಗೆ ಮಾತ್ರ ಗಿರಾಕಿಗಳ ಬರ ಬಂದಿರಲಿಲ್ಲ. ಅಲ್ಲಿ ಅಂತಿಮ ದರ್ಶನಕ್ಕಿಡುವ ಹೆಣಗಳ ತಲೆ ಬಾಚುವುದು, ಕೆನ್ನೆಗೆ ಬಣ್ಣ ಕೊಡುವುದು, ಬಾಯಿ ಸೊಟ್ಟಗಾಗಿದ್ದರೆ ನೆಟ್ಟಗೆ ಮಾಡುವುದು ಅವಳ ಕೆಲಸ. ಎರಡನೆಯದು ಚಟ. ಅದನ್ನು ಹತ್ತಿಸಿದವರು ಅವಳ ಗಂಡ ಚೆಟ್ ಮತ್ತು ಅವನ ಬಾಲ್ಯದ ಗೆಳೆಯ ಜೀನೊ ಪಲೂಂಬೊ.

ಜೀನೊ ಕಾರ್ಪೆಟ್ ಅಂಗಡಿಯವನು. ಸತ್ತವರು ಎದ್ದು ಬದುಕಿದವರನ್ನು ಕಚ್ಚುವ ಜಾಂಬಿ ಚಿತ್ರವನ್ನು ವರ್ಷಕ್ಕೊಂದು ತೆಗೆಯದಿದ್ದರೆ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೆದರಿಸುತ್ತಲೇ ನಗಿಸುವ ಚಿತ್ರ ಎಂದು ಹೇಳಿಕೊಳ್ಳುತ್ತಿದ್ದ. ಹೆದರಿದವರನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಹೆಣಗಳ ಹಿಂಡು ಎಂದರೆ ಅದೇ ಹತ್ತು ಹನ್ನೆರಡು ನೆಂಟರಿಷ್ಟರು. ಗುಂಡು ತಿಂದು ಬಿದ್ದವರೇ ಕ್ಯಾಮೆರಾದ ಹಿಂದಿನಿಂದ ಓಡಿಹೋಗಿ, ಟೋಪಿ ಬದಲಿಸಿ ಮತ್ತೆ ತೂರಾಡುತ್ತ ಬರುತ್ತಿದ್ದರು. ಕಚ್ಚಿದ ಕೈ ರಬ್ಬರಿನದೆಂದು ಕುರುಡನಿಗೂ ಗೊತ್ತಾಗುತ್ತಿತ್ತು. ಕಿಟಕಿಯ ಗಾಜು ಎದುರಾದಾಗಲೆಲ್ಲ ಅದರಲ್ಲಿ ಕ್ಯಾಮೆರಾ ಹಿಡಿದ ಜೀನೊನೇ ಕಾಣುತ್ತಿದ್ದ.

ಆದರೂ ಪ್ರತಿ ವಸಂತದಲ್ಲಿ ಒಂದು ಭಾನುವಾರ ಮಧ್ಯಾಹ್ನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಚಿತ್ರ ತೋರಿಸಿದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಮೆಲ್ಲುತ್ತ ತಪ್ಪು ಹುಡುಕಲೆಂದೇ ಜನ ಬರುತ್ತಿದ್ದರು. ತಪ್ಪು ಕಂಡವರು ಮೇಜು ಗುದ್ದಬೇಕು, ಜೀನೊ ಚಿತ್ರ ನಿಲ್ಲಿಸಿ ಆ ತುಣುಕನ್ನು ಇನ್ನೊಮ್ಮೆ ತೋರಿಸಬೇಕು, ಇದು ಅಲ್ಲಿಯ ಸಂಪ್ರದಾಯ. ಲೊರೆಟ್ಟಾಗೆ ಹಿಡಿಸಿದ್ದೂ ಇದೇ. ವಾರವಿಡೀ ಅವಳು ಕಾಣುವ ಸಾವಿನಲ್ಲಿ ಒಂದೂ ತಪ್ಪು ಇರುತ್ತಿರಲಿಲ್ಲ. ಶನಿವಾರದ ಸಾವು ಟೋಪಿ ಬದಲಿಸಿ ಎದ್ದು ಬರುತ್ತಿತ್ತು, ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಗಬಹುದಿತ್ತು.

ಇಡೀ ತಂಡದಲ್ಲಿ ಚೆಟ್‌ನಷ್ಟು ಕೆಟ್ಟ ಹೆಣ ಇನ್ನೊಂದಿರಲಿಲ್ಲ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಊರಿಗೆಲ್ಲ ಪರಿಚಿತ, ಬಾಯಿ ಬಿಟ್ಟರೆ ತಮಾಷೆ. ಒಮ್ಮೆ ಎಡಗಾಲು ಎಳೆದರೆ ಮರುಗಳಿಗೆ ಬಲಗಾಲು ಎಳೆಯುತ್ತಿದ್ದ. ತಲೆಗೆ ಕೊಡಲಿ ಬಿದ್ದ ಮೇಲೂ ಪಕ್ಕದ ಹೆಣದ ಕಿವಿಯಲ್ಲಿ ಏನೋ ಪಿಸುಗುಟ್ಟಿ ಅದನ್ನೂ ನಗಿಸುತ್ತಿದ್ದ. ಮಾತಾಡಿದರೆ ಬಾಯಿಯ ಸುತ್ತ ಹಚ್ಚಿದ ರಬ್ಬರಿನ ಪದರ ಬಿರಿಯುತ್ತಿತ್ತು, ಲೊರೆಟ್ಟಾ ಮತ್ತೆ ಮೊದಲಿನಿಂದ ಹಚ್ಚಬೇಕಾಗುತ್ತಿತ್ತು. ರೋಸಿಹೋಗಿ ಅವಳೇ ಒಂದು ಕಟ್ಟಳೆ ತಂದಿದ್ದಳು. ಬಣ್ಣ ಹಚ್ಚಿದ ಮೇಲೆ ಮಾತಿಲ್ಲ, ನರಳಾಟ ಮಾತ್ರ. ಮುರಿದವರು ಎಲ್ಲರ ರಕ್ತದ ಅಂಗಿಗಳನ್ನು ಒಗೆಯಬೇಕು. ಒಗೆಯುವ ಪಾಳಿ ಯಾವಾಗಲೂ ಚೆಟ್‌ನದೇ.

ಆ ಸೆಪ್ಟೆಂಬರಿನ ಶನಿವಾರ ಚಿತ್ರೀಕರಣ ನಡೆದದ್ದು ಬಾಗಿಲು ಹಾಕಿದ್ದ ಹಳೆಯ ಮಾಲ್‌ನಲ್ಲಿ. ಸೋಮವಾರ ಅದನ್ನು ಕೆಡವುವವರಿದ್ದರು. ನಿಂತುಹೋದ ಎಸ್ಕಲೇಟರಿನ ಮೇಲೆ ಪಾರಿವಾಳದ ಹಿಕ್ಕೆ, ಒಡೆದ ಗಾಜಿನ ಛಾವಣಿಯಿಂದ ಇಳಿದ ಹಳದಿ ಬಿಸಿಲು. ಜೋಳದ ಪಾಕಕ್ಕೆ ಕೆಂಪು ಬಣ್ಣ ಬೆರೆಸಿ ಮಾಡಿದ ರಕ್ತದ ಬಕೆಟ್ಟಿಗೆ ಬೆಳಿಗ್ಗೆಯೇ ಕಣಜಗಳು ಮುತ್ತಿದ್ದವು. ಎಷ್ಟು ಓಡಿಸಿದರೂ ಅವು ಹೋಗಲಿಲ್ಲ. ಲೊರೆಟ್ಟಾಗೆ ಯಾಕೋ ಆ ಜಾಗದಿಂದ ಬೇಗ ಹೊರಬಿದ್ದರೆ ಸಾಕೆನಿಸಿತ್ತು.

ಚೆಟ್ ಎದುರಿಗೆ ಬಂದು ಕುಳಿತ. ಅವನ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು.

“ತಲೆ ಯಾಕೋ ಸಿಡೀತಾ ಇದೆ ಕಣೇ ಲೋರಿ.”

“ನಿನ್ನೆ ಅಷ್ಟು ಬಿಯರ್ ಕುಡಿ ಅಂತ ಯಾರು ಹೇಳಿದ್ರು? ಸುಮ್ನೆ ಕೂತ್ಕೋ, ಮುಖ ಅಲ್ಲಾಡಿಸ್ಬೇಡ.”

ಅವನ ಬಾಯಿಯ ಎಡಗಡೆ ಮಾಂಸ ಕಿತ್ತು ಜೋತಂತೆ ಅವಳು ಪದರ ಅಂಟಿಸಿದಳು. ಬಣ್ಣದ ತಟ್ಟೆ ಹಿಡಿದುಕೋ ಎಂದು ಅವನ ಬಲಗೈಗೆ ಕೊಟ್ಟರೆ ಅದು ಜಾರಿ ಬಿತ್ತು. ಎತ್ತಿ ಕೊಟ್ಟಳು, ಮತ್ತೆ ಬಿತ್ತು. ಬೇಕೆಂದೇ ಮಾಡುತ್ತಿದ್ದಾನೆ ಎಂದುಕೊಂಡು ಅವನ ತೊಡೆಗೊಂದು ಏಟು ಕೊಟ್ಟಳು.

ಜೀನೊ ಕೂಗಿದ. ಹೆಣಗಳ ಹಿಂಡು ಹೊರಟಿತು. ಎಲ್ಲರಿಗಿಂತ ಹಿಂದೆ ಚೆಟ್, ಬಲಗಾಲು ಎಳೆಯುತ್ತ. ಬಲಗೈ ಒದ್ದೆ ಟವೆಲ್ಲಿನ ಹಾಗೆ ಜೋತಿತ್ತು. ಒಮ್ಮೆಯೂ ಕಾಲು ಬದಲಿಸಲಿಲ್ಲ, ಒಮ್ಮೆಯೂ ಕ್ಯಾಮೆರಾದ ಕಡೆ ಕಣ್ಣು ಹೊಡೆಯಲಿಲ್ಲ. ನಡುದಾರಿಯಲ್ಲಿ ಹಿಂಡು ಬಿಟ್ಟು ಪಕ್ಕಕ್ಕೆ ತಿರುಗಿ, ಎಡಗೈ ಚಾಚಿ, ಹೊಟ್ಟೆಯ ಆಳದಿಂದ ನರಳಿದ. ಜೀನೊನ ಮೈಯೆಲ್ಲ ನಗುವಿನಿಂದ ಕುಲುಕಿ ಕ್ಯಾಮೆರಾ ಅಲುಗಾಡಿತು.

“ಇಷ್ಟು ವರ್ಷ ಈ ಮನುಷ್ಯ ಇದನ್ನ ಎಲ್ಲಿ ಬಚ್ಚಿಟ್ಟಿದ್ದ?” ಎಂದ ಅವನು. “ಲೊರೆಟ್ಟಾ, ಸ್ವಲ್ಪ ಬಣ್ಣ ಸರಿಮಾಡು. ಇನ್ನೊಂದು ಸಲ ತೆಗೀತೀನಿ.”

ಅವಳು ಚೆಟ್‌ನ ಗದ್ದ ಹಿಡಿದೆತ್ತಿದಳು. ಬೆವರು ಬಣ್ಣದೊಳಗಿಂದ ಕಿತ್ತುಬರುತ್ತಿತ್ತು. ಅವನು ಅವಳ ಮಣಿಕಟ್ಟು ಹಿಡಿದು, ಅವಳ ಕಣ್ಣನ್ನೇ ನೋಡುತ್ತ ನರಳಿದ. ಇನ್ನೂ ಏನೋ ಹೇಳಲು ಬಾಯಿ ತೆರೆದ.

“ಶ್, ಮಾತಿಲ್ಲ. ಅಂಗಿ ಒಗೀಬೇಕಾಗತ್ತೆ ನೋಡು,” ಎಂದು ಅವಳು ತುಟಿಯ ಮೇಲೆ ಕುಂಚ ಎಳೆದಳು.

ಎರಡನೆಯ ಸಲ ಮೊದಲಿಗಿಂತ ಚೆನ್ನಾಗಿ ಬಂತು. ಜನ ಚಪ್ಪಾಳೆ ತಟ್ಟಿ ಕಾಫಿಯ ಮೇಜಿನತ್ತ ಹೊರಟರು. ಚೆಟ್ ಕೂಡ ಹೋದ. ಕ್ಯಾಮೆರಾ ನಿಂತಿದ್ದರೂ ಅವನು ಕಾಲು ಎಳೆಯುತ್ತಲೇ ಇದ್ದ. ಯಾರೋ ಲೋಟ ಕೊಟ್ಟರು. ಎಡಗೈಯಿಂದ ಎತ್ತಿ ಕುಡಿದರೆ ಕಾಫಿ ತುಟಿಯಂಚಿನಿಂದ ಸುರಿದು ಅಂಗಿ ತೋಯಿಸಿತು. ಸುರಿದದ್ದು ಬಲಗಡೆಯಿಂದ. ಅವಳು ಬಾಯಿ ಜೋಲಿಸಿದ್ದು ಎಡಗಡೆ. ಬಲಗಡೆಗೆ ಅವಳು ಏನನ್ನೂ ಹಚ್ಚಿರಲಿಲ್ಲ. ಅಂಥ ಬಾಯಿಗಳನ್ನು ಅವಳು ವಾರವೆಲ್ಲ ನೆಟ್ಟಗೆ ಮಾಡುವವಳು. ಅವಳು ಚೀರುತ್ತ ಓಡಿದಳು.

ಪಾರ್ಶ್ವವಾಯು ಎಂದರು ವೈದ್ಯರು. ಜೀವ ಉಳಿಯಿತು, ಬಲಭಾಗ ಹೋಯಿತು, ಮಾತು ಹೋಯಿತು. ಇನ್ನೂ ಮೊದಲೇ ಕರೆತಂದಿದ್ದರೆ ಮಾತಾದರೂ ಉಳಿಯುತ್ತಿತ್ತೇನೋ ಎಂದು ಅವರಲ್ಲೊಬ್ಬರು ಅಂದರು. ಕಾಲು ಎಳೆದದ್ದು ಕಂಡ ಕೂಡಲೇ ಕರೆತಂದೆ ಎಂದು ಲೊರೆಟ್ಟಾ ಹೇಳಿದಳು. ಅದನ್ನೇ ನೆರೆಯವರಿಗೆ, ಪಾದ್ರಿಗೆ, ಚೆಟ್‌ಗೆ ಹೇಳಿದಳು. ಚಳಿಗಾಲವಿಡೀ ಹೇಳಿ ಹೇಳಿ ಅವಳಿಗೂ ಅದೇ ನಿಜವಾಗಿ ಕೂತಿತು. ಅವನು ಕೇಳಿಸಿಕೊಳ್ಳುತ್ತಿದ್ದ, ಹೂಂ ಎಂದು ನರಳುತ್ತಿದ್ದ.

ಆ ತುಣುಕನ್ನು ಎಸೆದುಬಿಡುತ್ತೇನೆ ಎಂದು ಜೀನೊ ಕಣ್ಣಲ್ಲಿ ನೀರು ತಂದುಕೊಂಡು ಬಂದಿದ್ದ. ಲೊರೆಟ್ಟಾ ಎಸಿ ಎಂದಳು. ಚೆಟ್ ತಲೆಯಲ್ಲಾಡಿಸಿ, ಎಡಗೈಯಿಂದ ಜೀನೊನ ತೋಳು ಹಿಡಿದು ಬಿಡಲೇ ಇಲ್ಲ. ತುಣುಕು ಉಳಿಯಿತು.

ವಸಂತ ಬಂತು. ಸಭಾಂಗಣದ ಮುಂದಿನ ಸಾಲಿನ ಮೇಜಿಗೆ ಅವಳು ಗಾಲಿಕುರ್ಚಿ ತಳ್ಳಿಕೊಂಡು ಬಂದಳು, ಪಿರೋಗಿ ಕತ್ತರಿಸಿ ಅವನ ಬಾಯಿಗಿಟ್ಟಳು. ಚಿತ್ರ ಎಂದಿನಂತೆಯೇ ಇತ್ತು. ಒಂದು ಹೆಣ ಕೈಗಡಿಯಾರ ಕಟ್ಟಿಕೊಂಡಿತ್ತು. ಯಾರೋ ಮೇಜು ಗುದ್ದಿದರು, ಜೀನೊ ಮತ್ತೆ ತೋರಿಸಿದ, ಎಲ್ಲರೂ ನಕ್ಕರು. ಆಮೇಲೆ ಮಾಲ್ ಬಂತು. ಹಿಂಡು ಬಂತು. ಹಿಂದೆ ಚೆಟ್ ಬಂದ. ಪಾರ್ಶ್ವವಾಯು ಹೊಡೆದದ್ದು ಆವತ್ತೇ ಎಂದು ಊರಿಗೆ ಗೊತ್ತಿತ್ತು, ಈ ನಡಿಗೆಯಲ್ಲೇ ಎಂದು ತಂಡದವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು.

ಪರದೆಯ ಮೇಲೆ ಚೆಟ್ ಪಕ್ಕಕ್ಕೆ ತಿರುಗಿ ಕೈ ಚಾಚಿದ. ಅವನ ಹಿಂದೆ ಖಾಲಿ ಅಂಗಡಿಯ ದೊಡ್ಡ ಗಾಜು. ಜೀನೊ ಯಾವತ್ತೂ ಗಮನಿಸದ ಗಾಜು. ಅದರಲ್ಲಿ ಕುಂಚ ಹಿಡಿದ ಹೆಂಗಸೊಬ್ಬಳು ಕಂಡಳು. ಚೆಟ್‌ನ ಕೈ ಚಾಚಿದ್ದು ಅವಳ ಕಡೆಗೆ. ಅವನು ನರಳಿದ. ಅವಳು ಹೊಟ್ಟೆ ಹಿಡಿದುಕೊಂಡು, ಬಾಗಿ, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು. ಅವನು ಇನ್ನೊಮ್ಮೆ ನರಳಿದ. ಅವಳ ನಗು ಇನ್ನೂ ಹೆಚ್ಚಾಯಿತು.

ಲೊರೆಟ್ಟಾ ಗಾಜಿನಲ್ಲಿ ತನ್ನನ್ನೇ ಕಂಡಳು. ಯಾರ ಕಣ್ಣಿಗೂ ಬೀಳದಿರಲಿ ದೇವರೇ, ಎಂದುಕೊಂಡಳು. ನಗುವಿನ ಗದ್ದಲದಲ್ಲಿ ಯಾರೂ ನೋಡಿರಲಿಲ್ಲ, ದೃಶ್ಯ ಆಗಲೇ ಮುಗಿಯುತ್ತಿತ್ತು.

ಪಕ್ಕದಲ್ಲೇ ಮೇಜು ಗುದ್ದಿದ ಸದ್ದಾಯಿತು. ಚೆಟ್‌ನ ಎಡಗೈ.

ಚಿತ್ರ ನಿಂತಿತು. ಜೀನೊ ಲೊರೆಟ್ಟಾಳ ಮುಖ ನೋಡಿದ.

“ಸಾಕು ಚೆಟ್,” ಎಂದಳು ಅವಳು, “ನಂಗೆ ಗೊತ್ತಾಗ್ಲಿಲ್ಲ. ನೀನು ತಮಾಷೆ ಮಾಡ್ತಿದೀಯ ಅಂದ್ಕೊಂಡೆ.”

ಅವನು ಅವಳ ಕಡೆ ತಿರುಗಿದ. ಅರ್ಧ ಮುಖ ಕಲ್ಲಿನಂತಿತ್ತು, ಇನ್ನರ್ಧ ಅಲುಗಿತು. ಎಷ್ಟೋ ಬಾಯಿಗಳನ್ನು ತಿದ್ದಿ ಕೈ ಪಳಗಿದ್ದ ಅವಳಿಗೆ ಆ ಬಾಯಿ ನಗುತ್ತಿದೆಯೋ ಇಲ್ಲವೋ ಹೇಳಲಾಗಲಿಲ್ಲ. ಅವನು ಮತ್ತೆ ಮೇಜು ಗುದ್ದಿದ. ಏನು ತಪ್ಪು, ಎಲ್ಲಿದೆ ತಪ್ಪು ಎನ್ನುತ್ತ ಜನ ಕುರ್ಚಿಯ ತುದಿಗೆ ಬಂದರು. ಸಂಪ್ರದಾಯ ಸಂಪ್ರದಾಯವೇ, ಜೀನೊ ಚಿತ್ರವನ್ನು ಹಿಂದಕ್ಕೆ ಓಡಿಸಿದ. ಚೆಟ್ ಕಾಲೆಳೆಯುತ್ತ ಮತ್ತೆ ಬಂದ, ಅವಳ ಕಡೆ ಕೈ ಚಾಚಿದ, ಗಾಜಿನೊಳಗೆ ಅವಳು ಮತ್ತೆ ನಗತೊಡಗಿದಳು.