ಅದು ರಾಜ ಹೇಳಿದ್ದು

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಯೋಚಿಸುತ್ತಿದ್ದೇನೆ ಎಂದರೆ ಸುಮ್ಮನೆ ಕೂತಿದ್ದೇನೆ ಎಂದರ್ಥ. ಎಂ.ಎ.ಯಲ್ಲಿ ನಾನು ಮೌನದ ಬಗ್ಗೆಯೇ ಕಿರುಪ್ರಬಂಧ ಬರೆದಿದ್ದೆ. ವೈವಾದಲ್ಲಿ ಕೇಳಿದ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ವಿಷಯಕ್ಕೆ ಇಷ್ಟು ನಿಷ್ಠೆ ಬೇರೆ ಯಾರಿಗಿದೆ ಎಂದು ನನ್ನ ಲೆಕ್ಕ. ಅಂಕ ಕೊಡುವವರ ಲೆಕ್ಕ ಬೇರೆಯಿತ್ತು.

ಮೊದಲ ಡ್ರಾಫ್ಟಿನಲ್ಲಿ ಅರ್ಧ ಪುಟ ಖಾಲಿ ಬಿಟ್ಟು ಶುರು ಮಾಡಿದ್ದೆ. ಖಾಲಿ ಜಾಗ ಕಂಡರೆ ಪತ್ರಿಕೆಯವರು ಮಂಡಿನೋವಿನ ಎಣ್ಣೆಯ ಜಾಹೀರಾತು ಹಾಕಿಬಿಡುತ್ತಾರೆ ಎಂದು ಗೆಳೆಯನೊಬ್ಬ ಹೆದರಿಸಿದ. ಹಾಗಾಗಿ ಖಾಲಿ ಜಾಗ ರದ್ದು. ಒಬ್ಬ ಮನುಷ್ಯನಿಂದ ಶುರು ಮಾಡುತ್ತೇನೆ.

೨

ಗೋವಿಂದ ಹೆಗಡೆ. ಸಿದ್ದಾಪುರದ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ದಿನಕ್ಕೆ ಆಡುವ ಮಾತು ಎರಡು. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದವರಿಗೆ "ಗಲ್ಲ ಮೇಲೆ". ಕ್ಲಿಕ್ಕಿಸಿದ ಮೇಲೆ "ಹ್ಞಾಂ". ಮನೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಪ್ರಮೇಯ ಬರುವುದಿಲ್ಲವಾದ್ದರಿಂದ ಅಲ್ಲಿ "ಹ್ಞಾಂ" ಒಂದೇ.

(ಓದುಗರೇ, ಇಂಥ ಪಾತ್ರ ಸಿಕ್ಕಾಗ ನನಗಾದ ಸಂತೋಷವನ್ನು ಊಹಿಸಿ. ಸಂಭಾಷಣೆ ಬರೆಯುವ ಕೆಲಸವೇ ಇಲ್ಲ.)

ಆದರೆ ಭಾನುವಾರ ಮಧ್ಯಾಹ್ನ ಸೊಸೈಟಿಯ ಮೇಲ್ಮಹಡಿಯಲ್ಲಿ ತಾಳಮದ್ದಳೆ ಇದ್ದರೆ ಈ ಗೋವಿಂದನೇ ಬೇರೆ. ವೇಷ ಇಲ್ಲ, ಕುಣಿತ ಇಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಲ್ಯ ಹೊದ್ದು ಕೂತು, ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಕೂಡಲೇ ರಾಜನಾಗಿ ಮಾತಾಡಬೇಕು. ಗೋವಿಂದ ಮಾತಾಡುತ್ತಾನೆ. ಒಂದು ಪದ್ಯಕ್ಕೆ ಮುಕ್ಕಾಲು ಗಂಟೆ. ಧರ್ಮ, ದಾಂಪತ್ಯ, ಆನೆಗಳ ಲಕ್ಷಣ, ಮುತ್ತಿನ ಬಗೆಗಳು. ಎದುರಿನವರು ಎಂಥ ಪ್ರಶ್ನೆ ಹಾಕಿದರೂ ಉತ್ತರ ಕೊಡದೆ ಬಿಟ್ಟವನಲ್ಲ. ಅವನು ಹೆಸರು ಮಾಡಿದ್ದೇ ಅದರಿಂದ.

ಜನ ಚಪ್ಪಾಳೆ ತಟ್ಟುತ್ತಾರೆ. ಅವನ ಹೆಂಡತಿ ಸೀತಾ ಮಾತ್ರ ಹಿಂದಿನ ಸಾಲಿನಲ್ಲಿ ಅವಲಕ್ಕಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಇದು ಯಾರ ಮನೆಯ ಗಂಡಸಪ್ಪ ಎಂಬಂತೆ ನೋಡುತ್ತಿರುತ್ತಾಳೆ.

೨ (ಮತ್ತೆ. ಹಿಂದಿನ ಎರಡರಲ್ಲಿ ಒಂದು ವಿಷಯ ಬಿಟ್ಟುಹೋಯಿತು)

ಇಪ್ಪತ್ತೊಂದು ವರ್ಷಗಳ ಹಿಂದೆ, ಮದುವೆಯಾದ ಮೂರನೇ ವಾರ, ಗೋವಿಂದ ಸೀತಾಳನ್ನು ಸಿನಿಮಾ ತೋರಿಸಲು ಶಿರಸಿಗೆ ಕರೆದುಕೊಂಡು ಹೋಗಿದ್ದ. ಬಾಲ್ಕನಿ. ಇಂಟರ್ವಲ್ ಬಿತ್ತು. ಗೋವಿಂದ ಎದ್ದ. ಚುರುಮುರಿ ಕೊಡಿಸಲು ಎದ್ದನೆಂದು ಸೀತಾಳೂ ಎದ್ದಳು. ಅವನು ಚುರುಮುರಿಯವನನ್ನು ದಾಟಿದ. ಐಸ್‌ಕ್ರೀಮಿನವನನ್ನು ದಾಟಿದ. ಗೇಟು ದಾಟಿದ. ಹೊಸ ಮದುಮಗಳು, ಕೇಳುವುದು ಹೇಗೆ? ಹಿಂದೆ ಹಿಂದೆ ನಡೆದಳು. ಬಸ್‌ಸ್ಟ್ಯಾಂಡಿಗೆ ಬಂದು ಸಿದ್ದಾಪುರದ ಬಸ್ಸು ಹತ್ತಿದ ಮೇಲೆಯೇ ಗೊತ್ತಾದದ್ದು, ಪೂರ್ತಿ ಸಿನಿಮಾ ನೋಡಿದರೆ ಬಸ್ಸು ತಪ್ಪುತ್ತಿತ್ತು ಎಂದು. ಅದನ್ನು ಹೇಳಿದ್ದೂ ಗೋವಿಂದನಲ್ಲ, ಪಕ್ಕದ ಸೀಟಿನ ಮುದುಕಿ.

ಆ ಸಿನಿಮಾದ ಉಳಿದರ್ಧವನ್ನು ಸೀತಾ ಟೀವಿಯಲ್ಲಿ ಮೂರು ಸಲ ನೋಡಿದ್ದಾಳೆ. ಅದರ ಬಗ್ಗೆ ತಕರಾರಿಲ್ಲ. ಟೀವಿಯಲ್ಲಿ ಜಾಹೀರಾತು ಬರುತ್ತದೆ, ಇಂಟರ್ವಲ್ ಬರುವುದಿಲ್ಲ. ಅವಳಿಗೆ ಬೇಕಾದದ್ದು ಅದು: ದೀಪ ಹತ್ತಿದಾಗ ಪಕ್ಕದಲ್ಲಿ ಗಂಡ, ಕೈಯಲ್ಲಿ ಕಾಗದದ ಪೊಟ್ಟಣ, "ಹ್ಯಾಂಗಿದ್ದು ಸಿನಿಮಾ?" ಎಂಬ ಒಂದು ಪ್ರಶ್ನೆ.

ಈವರೆಗೆ ಅವಳು ಸುಮಾರು ಮುನ್ನೂರು ಸಲ ಕೇಳಿದ್ದಾಳೆ, "ಒಂದಿನ ಸಿರ್ಸಿಗೆ ಹೋಗಿ ಸಿನಿಮಾ ನೋಡಿ ಬಪ್ಪನ?" ಉತ್ತರ: ಹ್ಞಾಂ. ಗೋವಿಂದನ ಹ್ಞಾಂ ಎಂದರೆ ಒಪ್ಪಿಗೆಯಲ್ಲ. ಕಿವಿ ಕೇಳಿಸುತ್ತದೆ ಎಂಬುದಕ್ಕೆ ರಸೀದಿ.

೩

ಮೊನ್ನೆ ಮೊನ್ನೆ ಒಂದು ಭಾನುವಾರ. ರಾಣಿಯ ಪಾತ್ರ ಮಾಡುವ ಸಂಜಯ ಮಾಸ್ತರು ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಇಟ್ಟುಕೊಂಡು ಬಂದರು. ಪ್ರಸಂಗದಲ್ಲಿ ರಾಣಿಯದು ಹೆಚ್ಚಿನ ಕೆಲಸವಲ್ಲ. ರಾಜ ಬೇಟೆಗೆ ಹೊರಡುತ್ತಾನೆ, ಬೇಡ ಎನ್ನಬೇಕು, ಅವನು ಸಮಾಧಾನ ಮಾಡುತ್ತಾನೆ, ಆಯಿತು ಎನ್ನಬೇಕು. ಕಾಡಿನಲ್ಲಿ ರಾಕ್ಷಸ ಕಾದಿರುತ್ತಾನೆ, ಮುಂದಿನದೆಲ್ಲ ಅವನದೇ.

ಭಾಗವತ ಉಲ್ಲಾಸ ಭಟ್ಟರು ಸಭೆಯ ಕಡೆ ನೋಡಿದರು. "ಯಾರಾದ್ರೂ ಕೂತ್ಕತ್ರಾ?"

"ಆನು ಕೂತ್ಕತ್ತಿ," ಎಂದಳು ಸೀತಾ. ಅವಲಕ್ಕಿ ಡಬ್ಬಿಯನ್ನು ಮಗಳು ಅಭಿಜ್ಞಾಳ ಕೈಗೆ ಕೊಟ್ಟು ಬಂದು ಕುರ್ಚಿಯಲ್ಲಿ ಕೂತಳು. ಗಂಡ ಬಚ್ಚಲಲ್ಲಿ ಅಭ್ಯಾಸ ಮಾಡುವುದನ್ನು ಇಪ್ಪತ್ತೊಂದು ವರ್ಷ ಕೇಳಿದವಳು. ಯಾವ ರಾಣಿ ಎಲ್ಲಿ ಏನು ಹೇಳಬೇಕೆಂದು ಅವಳಿಗೆ ಪಾಠ ಬೇಕಿರಲಿಲ್ಲ.

ಪದ್ಯ ಮುಗಿಯಿತು. ಸೀತಾ ಸೆರಗು ಸರಿಮಾಡಿಕೊಂಡು ಹೇಳಿದಳು:

"ಸ್ವಾಮಿ, ಬೇಟೆಗೆ ಹೋಗಬೇಡಿ ಎಂದು ತಡೆಯುವವಳು ನಾನಲ್ಲ. ಒಂದೇ ಒಂದು ಪ್ರಶ್ನೆಯಿದೆ. ಕೈಹಿಡಿದ ಮೂರನೆಯ ವಾರ ನನ್ನನ್ನು ಬಡಗಣ ನಗರದ ನಾಟ್ಯಶಾಲೆಗೆ ಕರೆದೊಯ್ದಿರಿ. ನಾಟ್ಯ ಅರ್ಧವಾಗಿತ್ತು. ಬಾಯಿ ಬಿಡದೆ ಎದ್ದು ರಥವೇರಿದಿರಿ. ಉಪಾಹಾರದ ಅಂಗಡಿ ಮುಂದೆಯೇ ಇತ್ತು. ಹೆಂಡತಿಗೆ ಹಸಿವಿರಬಹುದು ಎಂಬ ವಿಷಯ ರಾಜನೀತಿಯಲ್ಲಿ ಇಲ್ಲವೆ?"

ಸಭೆ ನಕ್ಕಿತು. ಗೋವಿಂದ ನಗಲಿಲ್ಲ. ಅವನ ಮುಖದಲ್ಲಿ ಗಾಬರಿ ಕಂಡಿತು ಎಂದು ಬರೆಯಬೇಕೆಂದಿದ್ದೆ. ಆದರೆ ಕಂಡದ್ದು ಉತ್ಸಾಹ. ಪ್ರಶ್ನೆ ಬಂದಿದೆ, ಒಳ್ಳೆಯ ಪ್ರಶ್ನೆ, ಉತ್ತರ ಕೊಡದೆ ಬಿಟ್ಟರೆ ಇಷ್ಟು ವರ್ಷದ ಹೆಸರು ಹೋಯಿತು.

ಮುಕ್ಕಾಲು ಗಂಟೆ ಮಾತಾಡಿದ. ರಥಗಳ ಹೊತ್ತುಗೊತ್ತು, ದಾರಿಯ ಭಯ, ಹೊಸ ಗಂಡನ ನಾಚಿಕೆ, "ಹೇಳಬೇಕಾದ ಮಾತು ಗಂಟಲವರೆಗೆ ಬಂದು ಅಲ್ಲಿಯೇ ಬಿಡಾರ ಹೂಡುವ" ಒಂದು ಬಗೆಯ ಪುರುಷರ ವರ್ಣನೆ. ಮುಂದಿನ ಸಾಲಿನ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗೆ ಶಲ್ಯವನ್ನು ಹೆಗಲಿಗೆಸೆದು, "ರಾಣಿ, ತಪ್ಪು ನನ್ನದು. ಬರುವ ಭಾನುವಾರವೇ ನಿನ್ನನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ನಾಟ್ಯ ಪೂರ್ತಿ ನೋಡೋಣ. ನಡುವೆ ಉಪಾಹಾರವೂ ಉಂಟು. ಬೇಟೆ ರದ್ದು," ಎಂದ.

ಚಪ್ಪಾಳೆ. ಉಲ್ಲಾಸ ಭಟ್ಟರು ತಾಳ ಹಿಡಿದುಕೊಂಡು ಕಕ್ಕಾಬಿಕ್ಕಿಯಾದರು. ಮುಂದಿನ ಪದ್ಯ 'ಬೇಟೆಗೆ ಹೊರಟನು ರಾಜ' ಎಂದೇ ಇತ್ತು. ಹಾಡಿದರು. ರಾಜ ಹೊರಡಲಿಲ್ಲ. ಇನ್ನೊಮ್ಮೆ ಹಾಡಿದರು. "ಕೊಟ್ಟ ಮಾತಿಗೆ ತಪ್ಪುವವನಲ್ಲ," ಎಂದ ರಾಜ. ಮೂರನೇ ಸಲಕ್ಕೆ ಮಂಗಳ ಹಾಡಿ ಮುಗಿಸಿದರು. ಎರಡು ಗಂಟೆಯಿಂದ ಗಂಟಲು ಸರಿಮಾಡಿಕೊಳ್ಳುತ್ತ ಕೂತಿದ್ದ ರಾಕ್ಷಸ, ಕಷಾಯ ಕುಡಿದು ಮನೆಗೆ ಹೋದ.

೪

ಸೋಮವಾರ ಬೆಳಿಗ್ಗೆ ದೋಸೆ ಹಾಕುತ್ತ ಸೀತಾ ಕೇಳಿದಳು. "ಹಂಗಾರೆ ಭಾನುವಾರ ಎಷ್ಟೊತ್ತಿಗೆ ಹೊರಡದು?"

ಗೋವಿಂದ ದೋಸೆ ಮುರಿದ. ಬೆಲ್ಲದಲ್ಲಿ ಅದ್ದಿದ. ತಿಂದ. ನೀರು ಕುಡಿದ. ಆಮೇಲೆ ಹೇಳಿದ:

"ಅದು ರಾಜ ಹೇಳಿದ್ದು."

(ಇಲ್ಲಿ ನಾನು ಮುಕ್ಕಾಲು ಪುಟದ ಒಂದು ಮೌನ ಬರೆದಿದ್ದೆ. ಕಾವಲಿಯ ಮೇಲೆ ಆರುವ ನೀರಿನ ಹನಿ, ಕಿಟಕಿಯಲ್ಲಿ ನಿಂತ ಬೆಳಕು, ಇಬ್ಬರ ನಡುವೆ ಹಬ್ಬಿದ ಹೇಳಲಾಗದ್ದು. ಜೀವನದಲ್ಲಿ ನಾನು ಬರೆದ ಅತ್ಯುತ್ತಮ ಪ್ಯಾರಾ. ಅದನ್ನು ಓದಿದ ಸೀತಾ ಸೌಟು ಹಿಡಿದುಕೊಂಡೇ ಕತೆಯಿಂದ ನನ್ನ ಕಡೆ ತಿರುಗಿದಳು.)

"ತಮಾ, ಇದೆಂತ ಬರ್ದಿದ್ದೆ?"

ಮೌನ, ಅಂದೆ.

"ಚೊಲೋ ಇದ್ದು ಹೇಳಿ ಮಾಡಿದ್ಯಾ?"

ಸ್ವಲ್ಪ ಚೆನ್ನಾಗಿಯೇ ಇದೆ ಎಂದು ಅನಿಸಿತ್ತು, ಅಂದೆ.

"ನಿಂಗೆ ಮುಕ್ಕಾಲು ಪುಟ. ಅದ್ರ ಜೊತೆಗೆ ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ್ದು ಆನು. ಕಾವಲಿ ಮೇಲಿನ ನೀರು ನೋಡ್ತಾ ಕೂತ್ರೆ ದೋಸೆ ಸೀದು ಹೋಗ್ತು. ಮೊದ್ಲು ಅದನ್ನ ಹೊಡ್ದು ಹಾಕು."

ಹೊಡೆದು ಹಾಕಿದೆ. ಆಮೇಲೆ ಅವಳು ಗಂಡನ ಕಡೆ ತಿರುಗಿ, ಕತೆಯೊಳಗಿನಿಂದಲೇ, ಕೇಳಿದಳು:

"ಹೇಳಿದ್ದು ರಾಜ ಆದ್ರೆ, ಈಗ ಮೂರು ದೋಸೆ ತಿಂದಿದ್ದು ಯಾರು?"

ಗೋವಿಂದ ಹ್ಞಾಂ ಎಂದ. ಅಭಿಜ್ಞಾ ಮೊಬೈಲಿನಿಂದ ತಲೆ ಎತ್ತದೆ, "ಆಯಿ, ನಿನ್ನೆದು ವಿಡಿಯೋ ಇದ್ದು. ನಮ್ಮ ಕಾಲೇಜಿನವ್ಕೆಲ್ಲ ಕಳ್ಸಿ ಆತು," ಎಂದಳು.

"ವಿಡಿಯೋದಲ್ಲೂ ರಾಜನೇ ಇಪ್ಪದು," ಎಂದ ಗೋವಿಂದ. ಇಡೀ ಸೋಮವಾರದ ಮಾತು ಅಲ್ಲಿಗೆ ಖರ್ಚಾಯಿತು.

(ಅವನು ಹೇಳುವುದರಲ್ಲಿ ನ್ಯಾಯವಿಲ್ಲವೇ? ಪಾತ್ರ ಆಡಿದ ಮಾತಿಗೆ ಪಾತ್ರಧಾರಿ ಹೊಣೆಯೇ? ಕತೆಯಲ್ಲಿ ಬರೆದದ್ದಕ್ಕೆಲ್ಲ ನಾನು ಹೊಣೆ ಎಂದರೆ ಊರಲ್ಲಿ ಓಡಾಡುವುದು ಹೇಗೆ? ಈ ವಾದವನ್ನು ಸೀತಾಳ ಮುಂದಿಟ್ಟೆ. "ನಿಂಗವಿಬ್ರೂ ಒಂದೇ ಅಂಗಡಿಯವು," ಎಂದಳು.)

೫ (ಕೈಬಿಟ್ಟದ್ದು)

ಕತೆಯನ್ನು ಯಲ್ಲಾಪುರದ ಕಡೆಗೆ ಒಯ್ದು ನೋಡಿದೆ. ಸೀತಾ ಚಂದಗುಳಿಯ ಗಂಟೆ ಗಣಪತಿಗೆ ಹರಕೆ ಹೊತ್ತುಕೊಳ್ಳಲಿ, ಗಂಡ ಮಾತಾಡಿದರೆ ಗಂಟೆ ಕಟ್ಟುತ್ತೇನೆ ಎನ್ನಲಿ. ಮೌನಿಯ ಹೆಂಡತಿ, ಸಾವಿರ ಗಂಟೆ. ಕಾಂಟ್ರಾಸ್ಟ್ ಚೆನ್ನಾಗಿ ಬರುತ್ತಿತ್ತು.

ಸೀತಾ ಒಪ್ಪಲಿಲ್ಲ. "ಚಂದಗುಳಿಗೆ ಕರ್ಕಂಡು ಹೋಪವು ಸಿರ್ಸಿಗೆ ಕರ್ಕಂಡು ಹೋಗದಿಲ್ಯನ? ದಾರಿ ಮೇಲೇ ಇದ್ದು. ದೇವ್ರಿಗೆ ಬೇರೆ ಕೆಲ್ಸ ಇಲ್ಯಾ?"

೬

ಮೂರು ಮುಕ್ತಾಯ ಬರೆದು ಅವಳಿಗೆ ತೋರಿಸಿದೆ.

ಅ) ಭಾನುವಾರ ಗೋವಿಂದ ಸದ್ದಿಲ್ಲದೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಮಾತಿಲ್ಲ. ಇಬ್ಬರೂ ಹೊರಡುತ್ತಾರೆ.
ಷರಾ: "ಬ್ಯಾಡ. ಎಂತಕ್ಕೆ ಅಂಗಿ ಹಾಕ್ಯಂಡಿದ್ದು ಹೇಳಿ ಮತ್ತೆ ಆನೇ ಕೇಳವು."

ಆ) ಗೋವಿಂದ ಬರುವುದಿಲ್ಲ. ಸೀತಾ ಅಭಿಜ್ಞಾಳ ಜೊತೆ ಹೋಗುತ್ತಾಳೆ. ಸ್ವಾವಲಂಬನೆ.
ಷರಾ: "ಮಗಳ ಜೊತೆ ನಾಕು ಸಲ ಹೋಯ್ದಿ. ಅದು ಇಂಟರ್ವಲ್‌ನಲ್ಲಿ ಸೆಲ್ಫಿ ತೆಗೀತು."

ಇ) ಥಿಯೇಟರಿನಲ್ಲಿ ದೀಪ ಹತ್ತುತ್ತದೆ. ಗೋವಿಂದ ಹೆಂಡತಿಯ ಕಡೆ ತಿರುಗಿ, ಇಷ್ಟು ವರ್ಷದಲ್ಲಿ ಮೊದಲ ಸಲ, ಮೆಲ್ಲನೆ ಹೇಳುತ್ತಾನೆ: "ಗಲ್ಲ ಮೇಲೆ."
ಷರಾ: (ಸುಮಾರು ಹೊತ್ತು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.) "ಇದು ಚೊಲೋ ಇದ್ದು. ಆದ್ರೆ ಇದು ನೀನು ಹೇಳಿದ್ದು. ರಾಜ ಹೇಳಿದ್ದಾತು, ನೀನು ಹೇಳಿದ್ದಾತು. ನಮ್ಮನೆಯವು ಯಾವಾಗ ಹೇಳದು?"

ನನಗೆ ವೈವಾದ ನೆನಪಾಯಿತು.

"ಕೇಳು," ಎಂದಳು, ಈ ಸಲ ಸೌಟು ಕೆಳಗಿಟ್ಟು. "'ಹೋಪನ' ಹೇಳಿ ಒಂದು ಮಾತು. ಅಷ್ಟೇಯ. ಹೋಗದಿದ್ರೆ 'ಇಲ್ಲೆ' ಹೇಳಲಿ, ಅದೂ ಅಡ್ಡಿಲ್ಲೆ. ಅವ್ರ ಬಾಯಿಂದ, ಅವ್ರದ್ದೇ ಮಾತಲ್ಲಿ. ನೀನು ನಡುವೆ ಬರಡ."

೭

ಭಾನುವಾರ. ಸಿದ್ದಾಪುರದ ಬಸ್‌ಸ್ಟ್ಯಾಂಡ್. ಸೀತಾ ಒಬ್ಬಳೇ ಬಂದಿದ್ದಾಳೆ. ಬೆಳಿಗ್ಗೆ ಸ್ಟುಡಿಯೋಕ್ಕೆ ಹೋಗಿ, ಕ್ಯಾಮೆರಾದ ಮುಂದಿನ ಸ್ಟೂಲಿನಲ್ಲಿ ಕೂತು ಹೇಳಿ ಬಂದಿದ್ದಾಳೆ: "ಹನ್ನೊಂದೂವರೆ ಬಸ್ಸು. ಸೀಟು ಹಿಡಿದಿರ್ತಿ. ರಾಜನ್ನ ಕಳಸಡಿ, ನಿಂಗನೇ ಬನ್ನಿ." ಅವನು ಅಭ್ಯಾಸಬಲದಿಂದ "ಗಲ್ಲ ಮೇಲೆ" ಎಂದದ್ದನ್ನು ಉತ್ತರವೆಂದು ಅವಳು ಲೆಕ್ಕಕ್ಕೆ ಹಿಡಿದಿಲ್ಲ.

ಕಿಟಕಿ ಸೀಟಿನಲ್ಲಿ ಕೂತು ಪಕ್ಕದ ಸೀಟಿಗೆ ಗೋವಿಂದನ ಟವೆಲ್ ಹಾಕಿದ್ದಾಳೆ. ಕಂಡಕ್ಟರ್ ಅಂದಾನಪ್ಪ, ಹಾವೇರಿ ಕಡೆಯವನು, ಬಂದ.

"ಆಧಾರ್ ತೋರಸ್ರಿ ಅವ್ವಾರ." ಸೊನ್ನೆ ಟಿಕೆಟ್ ಹರಿದು ಕೊಟ್ಟ. "ಈ ಟವೆಲ್ ಯಾರದ್ರಿ?"

"ನಮ್ಮನೆಯವರದು."

"ಟವೆಲ್ ಬಂದೈತಿ, ಮನುಷ್ಯಾ ಬಂದಿಲ್ಲಲ್ರಿ." ಆಮೇಲೆ ಅವಳ ಮುಖ ದಿಟ್ಟಿಸಿದ. "ತಡೀರಿ, ನೀವು ಮೊಬೈಲ್‌ನ್ಯಾಗಿನ ಆ ರಾಣಿ ಅಲ್ಲೇನ್ರಿ? ನಮ್ಮ ಮನಿಯಾಕಿ ಮೂರು ಸಲ ನೋಡ್ಯಾಳ. ನೋಡಿ ನನ್ನ ಮಾರಿ ನೋಡ್ತಾಳ. ಹೊಂಟಾರೇನ್ರಿ ರಾಜರು?"

"ರಾಜ ಬ್ಯಾಡ ಹೇಳಿದ್ದೆ," ಎಂದಳು ಸೀತಾ.

ಡ್ರೈವರ್ ಇಂಜಿನ್ ಚಾಲೂ ಮಾಡಿದ. ಅಂದಾನಪ್ಪ ಒಂದು ನಿಮಿಷ ಇಲ್ಲದ ಚಿಲ್ಲರೆ ಹುಡುಕಿದ. ಇನ್ನೊಂದು ನಿಮಿಷ ಟೈರು ನೋಡಿದ. ಆಗ ಪೇಟೆಯ ಕಡೆಯಿಂದ ಗೋವಿಂದ ಬಂದ. ಓಡುತ್ತಿರಲಿಲ್ಲ, ನಡೆಯುತ್ತಲೂ ಇರಲಿಲ್ಲ. ಸ್ಟುಡಿಯೋದ ಬೀಗದ ಕೈ ಇನ್ನೂ ಕೈಯಲ್ಲಿತ್ತು. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟ.

"ಎಲ್ಲಿಗ್ರಿ?" ಎಂದ ಅಂದಾನಪ್ಪ.

ಇಡೀ ಬಸ್ಸು ತಿರುಗಿ ನೋಡಿತು. ಗೋವಿಂದ ಕಂಡಕ್ಟರನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದ, ಟವೆಲಿನ ಕಡೆ ನೋಡಿದ, ಆಮೇಲೆ, ಓದುಗರೇ, ನನ್ನ ಕಡೆ ನೋಡಿದ. ಏನಾದರೂ ಬರೆದು ಕೊಡು ಮಾರಾಯ ಎಂಬಂಥ ನೋಟ.

ಬರೆಯಬಲ್ಲೆ. ನಾಲ್ಕು ಒಳ್ಳೆಯ ವಾಕ್ಯ ತಲೆಯಲ್ಲಿವೆ. ಒಂದು ಮೌನವೂ ಇದೆ, ತುಂಬ ಚಂದದ್ದು, ಸೀತಾ ಹೊಡೆದು ಹಾಕಿಸಿದ್ದನ್ನು ಬೇರೆ ಕಡೆ ಕಾಪಿ ಮಾಡಿ ಇಟ್ಟುಕೊಂಡಿದ್ದೇನೆ. ಆದರೆ ಅವಳು ಕಿಟಕಿಯಿಂದ ನನ್ನ ಕಡೆ ಬೆರಳು ತೋರಿಸಿ ತಲೆ ಆಡಿಸುತ್ತಿದ್ದಾಳೆ.

ಪೆನ್ನು ಕೆಳಗಿಟ್ಟಿದ್ದೇನೆ. ಗೋವಿಂದನ ಬಾಯಿ ಅರ್ಧ ತೆರೆದಿದೆ. ಅಂದಾನಪ್ಪ ಸೀಟಿಯನ್ನು ತುಟಿಗೆ ತಂದು ಊದದೆ ನಿಂತಿದ್ದಾನೆ. ಹಿಂದಿನ ಸೀಟಿನವರು ಬೈಯುತ್ತಿದ್ದಾರೆ, ಗೋವಿಂದನನ್ನಲ್ಲ, ನನ್ನನ್ನು. ಬೈಯಲಿ. ಮಧ್ಯಾಹ್ನದ ಆಟಕ್ಕೆ ಇನ್ನೂ ಹೊತ್ತಿದೆ.

ದೀಪ ಹಾಕುತ್ತಿದ್ದೇನೆ. ಇದು ಇಂಟರ್ವಲ್. ಕೂತಿರುವವರು ಕೂತಿರಿ. ಎದ್ದು ಹೋಗುವವರು ದಯವಿಟ್ಟು ಪಕ್ಕದವರಿಗೆ ಹೇಳಿ ಹೋಗಿ.