ಗಾಜಿನ ತುದಿಗೆ ಬೀಡಿ ನೂಲು

ನಾನು ಬೆಂಕಿಯಲ್ಲಿ ಹುಟ್ಟಿದವನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಗಾತ್ರ ನೋಡಿದವರೆಲ್ಲ ನನ್ನನ್ನು ಮಣಿಯೋ ಗುಂಡಿಯೋ ಎಂದುಕೊಳ್ಳುತ್ತಾರೆ. ಕಿರುಬೆರಳಿನ ಅರ್ಧದಷ್ಟು ಉದ್ದದ ಗಾಜಿನ ಕೊಳವೆ ನಾನು. ಗಾಂಜಾ ಸೊಪ್ಪನ್ನು ತೆಳು ಕಾಗದದಲ್ಲಿ ಸುತ್ತಿ ಜಾಯಿಂಟ್ ಮಾಡುತ್ತಾರಲ್ಲ, ಅದರ ಬಾಯಿಯ ಕಡೆ ಕೂರುವ ಫಿಲ್ಟರ್ ತುದಿ. ರಟ್ಟಿನ ತುದಿಗಳೂ ಇವೆ, ಪಾಪ, ಒಂದೇ ಸಲ ಬಾಳಿ ಕಸದ ಬುಟ್ಟಿಗೆ ಹೋಗುತ್ತವೆ. ನನ್ನ ಕತೆ ಹಾಗಲ್ಲ! ಕಾಗದ ಬೂದಿಯಾದ ಮೇಲೂ ನಾನು ಉಳಿಯುತ್ತೇನೆ. ತೊಳೆದು ಒರೆಸಿದರೆ ಮುಂದಿನ ಜಾಯಿಂಟಿಗೆ ಮತ್ತೆ ಹೊಸ ಮದುಮಗ.

ನಾನು ಹುಟ್ಟಿದ್ದು ಕೆನಡಾ ದೇಶದ ಒಂದು ಸಣ್ಣ ಗಾಜಿನ ಕಾರ್ಖಾನೆಯಲ್ಲಿ. ಕಪ್ಪು ಕನ್ನಡಕದ ಒಬ್ಬ ಗಾಜುಗಾರ ಉರಿಯ ಮುಂದೆ ಉದ್ದನೆಯ ಕೊಳವೆಯನ್ನು ತಿರುಗಿಸುತ್ತ ತಿರುಗಿಸುತ್ತ ಮೆದು ಮಾಡಿ, ಇಕ್ಕಳದಿಂದ ಬಾಯಿ ಚಪ್ಪಟೆ ಮಾಡಿ, ನಮ್ಮನ್ನು ತುಂಡು ತುಂಡಾಗಿ ಇಳಿಸಿದ. ಒಂದೇ ದಿನ ಹತ್ತು ಮಂದಿ. ಆ ದಿನ ಅವನ ಮನಸ್ಸು ಎಲ್ಲಿತ್ತೋ ಏನೋ, ನಮ್ಮ ಹತ್ತೂ ಜನರ ನಡು ಒಂದಿಷ್ಟು ಸಣ್ಣಗಾಯಿತು, ಮೈ ಮಾತ್ರ ಬೇಕಾದ್ದಕ್ಕಿಂತ ನುಣುಪಾಯಿತು. ಬೆಳಕಿಗೆ ಹಿಡಿದು ನೋಡಿ "ಚೆಂದ ಉಂಟು, ಹೋಗಲಿ" ಎನ್ನುವಂತೆ ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದ. ಚೆಂದವೇನೋ ಇದ್ದೆವು. ಆದರೆ ನುಣುಪು ಮೈಯವರ ಪಾಡು ನುಣುಪು ಮೈಯವರಿಗೇ ಗೊತ್ತು.

ನಮ್ಮನ್ನು ಮೊದಲು ಕೊಂಡವನು ಒಬ್ಬ ಗಿಟಾರು ಬಾರಿಸುವ ಹುಡುಗ. ಸೊಪ್ಪು ಹುಡಿ ಮಾಡುತ್ತಿದ್ದ, ಕಾಗದದ ಮೇಲೆ ಸಾಲಾಗಿ ಹರಡುತ್ತಿದ್ದ, ಒಂದು ತುದಿಗೆ ನನ್ನನ್ನು ಮಲಗಿಸುತ್ತಿದ್ದ, ಸುತ್ತಿ, ಅಂಟನ್ನು ನಾಲಿಗೆಯಿಂದ ಸವರಿ ಮುಚ್ಚುತ್ತಿದ್ದ. ಎಲ್ಲವೂ ಸರಿ. ಹೊತ್ತಿಸಿ ಎರಡು ದಮ್ಮು ಎಳೆಯುವಷ್ಟರಲ್ಲಿ ನಾನು ಕಾಗದದೊಳಗಿಂದ ಸರ್ರನೆ ಜಾರಿ ಕೆಳಗೆ! ನನ್ನ ಹಿಂದೆಯೇ ಕೆಂಡ! ಒಂದು ಸಲ ಅವನ ಹೊಸ ಪ್ಯಾಂಟಿನ ತೊಡೆಯ ಮೇಲೆ ಕಾಸಿನಗಲ ತೂತು ಬಿತ್ತು. ಅವನು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕೆಲಸಕ್ಕೆ ಬಾರದವನು ಎಂದು ಒಬ್ಬರು ಹೇಳಿದರೆ ಸಹಿಸಬಹುದು, ದಿನಾ ಹೇಳಿಸಿಕೊಂಡರೆ ನಂಬಿಕೆಯೇ ಬಂದುಬಿಡುತ್ತದೆ. ನಾನೂ ನಂಬಿದೆ. ಅವನು ಮನೆ ಬದಲಿಸುವಾಗ ಹಳೆ ಸಾಮಾನಿನ ರಾಶಿಯಲ್ಲಿ ನಮ್ಮ ಪೆಟ್ಟಿಗೆಯನ್ನೂ ಅಂಗಳದಲ್ಲಿಟ್ಟು ಮಾರಿಬಿಟ್ಟ.

ಕೊಂಡವಳು ಮಾರ್ಗೊ. ಎಪ್ಪತ್ತರ ಹೆಂಗಸು, ಮೊದಲು ಊರಿನ ಬಸ್ಸು ಓಡಿಸುತ್ತಿದ್ದಳಂತೆ. ಆ ದೇಶದಲ್ಲಿ ದೊಡ್ಡವರು ಮನೆಯಲ್ಲೇ ನಾಲ್ಕು ಗಾಂಜಾ ಗಿಡ ಬೆಳೆಸಬಹುದು. ಮಾರ್ಗೊ ನಾಲ್ಕೇ ಬೆಳೆಸುತ್ತಿದ್ದಳು, ಐದನೆಯದು ಮೊಳೆತರೂ ಕಿತ್ತು ಎಸೆಯುತ್ತಿದ್ದಳು, ಅಷ್ಟು ಕಟ್ಟುನಿಟ್ಟು. ಆದರೆ ಸಂಧಿವಾತದಿಂದ ಅವಳ ಬೆರಳುಗಳು ಸೊಟ್ಟಗಾಗಿದ್ದವು. ಸುತ್ತಲು ಹೋದರೆ ಸೊಪ್ಪು ಒಂದು ಕಡೆ, ಕಾಗದ ಒಂದು ಕಡೆ, ನಾನು ಮೆಟ್ಟಿಲ ಕೆಳಗೆ. ಕುರುಡನ ಹೆಗಲ ಮೇಲೆ ಕುಂಟ ಕುಳಿತ ಹಾಗೆ ನಮ್ಮಿಬ್ಬರ ಸಂಸಾರ, ಆದರೆ ಎಲ್ಲಿಗೂ ಮುಟ್ಟಲಿಲ್ಲ.

ಆಗ ಬಂದಳು ನೋಡಿ, ಬಚ್ಚಿ ಪೂಜಾರ್ತಿ!

ಮಾರ್ಗೊ ಮನೆಯ ಪಕ್ಕದಲ್ಲೇ ಸುಗಂಧಿ ಎಂಬ ನರ್ಸ್ ಇದ್ದಳು, ಕುಂದಾಪುರದ ಕಡೆಯವಳು. ಅವಳ ತಾಯಿ ಬಚ್ಚಿ ಪೂಜಾರ್ತಿ. ಮಗಳ ಮನೆ ನೋಡಲು ಆರು ತಿಂಗಳ ಮಟ್ಟಿಗೆ ಬಂದಿದ್ದಳು. ಮಗಳು ಆಸ್ಪತ್ರೆಗೆ ಹೋದರೆ ಬಚ್ಚಿಗೆ ಮಾಡಲು ಏನೂ ಕೆಲಸವಿಲ್ಲ. ಬೇಲಿಯ ಪಕ್ಕ ಕುರ್ಚಿ ಹಾಕಿ ಕೂರುತ್ತಿದ್ದಳು. ಏಪ್ರಿಲ್ಲಿನ ಒಂದು ಮಧ್ಯಾಹ್ನ ಮಾರ್ಗೊ ಮೆಟ್ಟಿಲ ಮೇಲೆ ಕೂತು ನನ್ನ ಜೊತೆ ಹೆಣಗಾಡುತ್ತಿದ್ದಳು. ಅಂಟಿಗೆ ನಾಲಿಗೆ ಚಾಚಿದಳೋ ಇಲ್ಲವೋ, ಬೇಲಿಯಾಚೆಯಿಂದ ಕೂಗು ಬಂತು.

"ಶೀ! ಎಂಜಲ್ ಮಾಡ್ತ್ಯಲೇ ಮಾರಾಯ್ತಿ! ಇಲ್ಲ್ ಕೊಡ್ ಕಾಂಬ!"

ಮಾರ್ಗೊಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಬೇಲಿಯ ಮೇಲಿಂದ ಚಾಚಿದ ಆ ಕೈ ಅರ್ಥವಾಯಿತು. ಗೇಟು ತೆರೆದಳು.

ಬಚ್ಚಿ ಒಳಗಿಂದ ಬಿಸ್ಕತ್ತು ಬೇಯಿಸುವ ತಗಡಿನ ತಟ್ಟೆ ತರಿಸಿ, ಗೆರಸೆಯ ಹಾಗೆ ತೊಡೆಯ ಮೇಲಿಟ್ಟುಕೊಂಡಳು. ಒಂದು ಲೋಟದಲ್ಲಿ ನೀರು. ಸೊಪ್ಪನ್ನು ಮೂಸಿದಳು. ಹುಬ್ಬು ಮೇಲೇರಿತು. "ಇದ್ ಗಾಂಜಾ ಅಲ್ದಾ?" ಒಂದು ಗಳಿಗೆ ತಡೆದಳು. ಆಮೇಲೆ ತನಗೆ ತಾನೇ ಹೇಳಿಕೊಂಡಳು: "ಹೊಗೆಸೊಪ್ಪೇನ್ ತುಳಸಿಯಾ? ನಾನ್ ಕಟ್ಟಿದ್ ಬೀಡಿ ಒಂದಾರೂ ಎಳ್ದಿದ್ನಾ?" ಒದ್ದೆ ಬೆರಳನ್ನು ಅಂಟಿನ ಮೇಲೆ ಎಳೆದಳು. ಆಮೇಲೆ ನಾನು ನೋಡಿದ್ದು ಬರೀ ಬೆರಳು! ಎಷ್ಟು ಬೇಗ ಎಂದರೆ ನನಗೇ ತಲೆ ತಿರುಗಿತು. ಸೊಪ್ಪು ಎಲ್ಲೂ ದಪ್ಪವಿಲ್ಲ, ಎಲ್ಲೂ ಟೊಳ್ಳಿಲ್ಲ. ಕೊನೆಗೆ ಸೀರೆಯ ಸೆರಗಿನಿಂದ ಕೆಂಪು ನೂಲೊಂದನ್ನು ಎಳೆದು, ಕಾಗದದ ಮೇಲೆ, ಸರಿಯಾಗಿ ನನ್ನ ಸಣ್ಣ ನಡುವಿನ ಜಾಗದಲ್ಲಿ, ಮೂರು ಸುತ್ತು ಬಿಗಿದು ಎಳೆಯನ್ನು ಒಳಗೆ ಸಿಕ್ಕಿಸಿದಳು. ಗಂಟಿಲ್ಲ. ಬೀಡಿಗೆ ಹಾಕುವ ಸುತ್ತು ಅದು.

ಮಾರ್ಗೊ ಹೊತ್ತಿಸಿ ಎಳೆದಳು. ನಾನು ಜಾರಲಿಲ್ಲ! ಇನ್ನೊಮ್ಮೆ ಎಳೆದಳು. ಜಾರಲಿಲ್ಲ! ಕೊನೆಯವರೆಗೂ ಕೂತಲ್ಲೇ ಕೂತಿದ್ದೆ. ಗಾಜುಗಾರ ತಪ್ಪಿ ಮಾಡಿದ ಆ ನಡು ಇಷ್ಟು ದಿನ ಕಾದದ್ದು ಒಂದು ನೂಲಿಗಾಗಿ ಎಂದು ಆ ದಿನ ತಿಳಿಯಿತು. ನನ್ನ ಸಂತೋಷ ನಾನು ಯಾರಿಗೆ ಹೇಳಲಿ?

ಅಲ್ಲಿಂದ ದಿನಾ ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ. ಬಚ್ಚಿ ಅವಳನ್ನು ಮಾರ್ಗಕ್ಕ ಎಂದು ಕರೆದಳು. ಮಾರ್ಗೊ ಇಂಗ್ಲಿಷಿನಲ್ಲಿ, ಬಚ್ಚಿ ಕುಂದಾಪುರದ ಕನ್ನಡದಲ್ಲಿ, ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಯಾರೂ ಯಾರನ್ನೂ ಕಾಯುತ್ತಿರಲಿಲ್ಲ. ನಾನು ಕನ್ನಡ ಕಲಿತದ್ದು ಅಲ್ಲೇ. ಸೇದಿದವಳು ಮಾರ್ಗೊ ಮಾತ್ರ. ನನ್ನ ಹೊಟ್ಟೆಯಲ್ಲಿ ಕಟ್ಟಿದ ಜಿಡ್ಡನ್ನು ಬಚ್ಚಿ ತೆಂಗಿನೆಣ್ಣೆಯಲ್ಲಿ ನೆನೆಸಿ, ಬಿಸಿನೀರು ಸಾಬೂನು ಹಾಕಿ ತೊಳೆಯುತ್ತಿದ್ದಳು. ಮಕ್ಕಳಿಗೆ ಎಣ್ಣೆಸ್ನಾನ ಮಾಡಿಸಿದ ಕೈ, ಕೇಳಬೇಕೇ?

ಒಂದು ದಿನ ಅವಳ ಕೈ ನಿಧಾನವಾಯಿತು. ಹಿಂದಿನ ದಿನ ಮಗಳು ಅವಳನ್ನು ಕನ್ನಡ ಸಂಘದ ಯುಗಾದಿ ಊಟಕ್ಕೆ ಕರೆದುಕೊಂಡು ಹೋಗಿದ್ದಳು.

"ಮಾರ್ಗಕ್ಕ, ನಾನ್ ಊರಲ್ಲಿ ಟೀಚರ್ ಆಗಿದ್ದೆ ಅಂಬ್ರ್. ಸುಗಂಧಿ ಎಲ್ಲರೆದ್ರೂ ಹಾಂಗೇ ಹೇಳ್ತ್ಳ್. ನಂಗ್ ನನ್ ಹೆಸ್ರ್ ಬರೂಕೇ ಸಮಾ ಬತ್ತಿಲ್ಲೆ. ಮೂವತ್ತ್ ವರ್ಷ ಬೀಡಿ ಕಟ್ಟಿದ್ ಕೈ ಇದ್. ಇದ್ಕೊಂದ್ ಹೆಸ್ರ್ ಇಲ್ಯಾ?"

ಮಾರ್ಗೊ ಅರ್ಥವಾದವಳಂತೆ ಅವಳ ಬೆನ್ನು ಸವರಿದಳು. ಅರ್ಥವಾದದ್ದು ನನಗೊಬ್ಬನಿಗೇ. ಬಾಯಿ ಇದ್ದೂ ಮಾತಿಲ್ಲದವನು ನಾನು, ಆ ಹೊತ್ತು ಅದು ತುಂಬ ನೋಯಿಸಿತು.

ಆಗಸ್ಟಿನಲ್ಲಿ ಆ ಊರಿನ ಗಿಡ ಬೆಳೆಸುವವರ ಕೂಟ ಪ್ರತಿವರ್ಷ ಒಂದು ಸ್ಪರ್ಧೆ ನಡೆಸುತ್ತದೆ. ಇಬ್ಬಿಬ್ಬರ ಜೋಡಿ, ಹತ್ತು ನಿಮಿಷ, ಹತ್ತು ಜಾಯಿಂಟ್. ರಟ್ಟಿನ ತುದಿಗೆ ಅವಕಾಶವಿಲ್ಲ, ತೊಳೆದು ಮತ್ತೆ ಬಳಸುವಂಥದ್ದೇ ಆಗಬೇಕು. ಕೊನೆಗೆ ತೀರ್ಪುಗಾರ ಪ್ರತಿಯೊಂದನ್ನೂ ತುದಿ ಹಿಡಿದು ಮೂರು ಸಲ ಜಾಡಿಸುತ್ತಾನೆ. ಕಾಗದ ಕಳಚಿಕೊಂಡರೆ ಅದು ಲೆಕ್ಕಕ್ಕಿಲ್ಲ. ಮಾರ್ಗೊ ಬಚ್ಚಿಯ ಹೆಸರೂ ತನ್ನ ಹೆಸರೂ ಕೊಟ್ಟುಬಂದಳು. ವೃತ್ತಿ ಎಂಬಲ್ಲಿ, ಸುಗಂಧಿಯಿಂದ ಕೇಳಿದ್ದಂತೆಯೇ, ನಿವೃತ್ತ ಶಿಕ್ಷಕಿ ಎಂದು ಬರೆದಳು. ಬಚ್ಚಿ ಸುತ್ತುವುದು, ಮಾರ್ಗೊ ನೂಲು ಬಿಗಿಯುವುದು. ಒಂದು ತಿಂಗಳು ತಾಲೀಮು ನಡೆಯಿತು. ಮಗಳಿಗೆ ಮಾತ್ರ ಬಚ್ಚಿ ಹೇಳಲಿಲ್ಲ. ಮಾರ್ಗಕ್ಕನ ಮನೆಗೆ ಹೋಗುವುದೇ ಬೇಡ ಎಂದು ಸುಗಂಧಿ ಯಾವತ್ತೋ ಹೇಳಿಯಾಗಿತ್ತು.

ಶನಿವಾರ ಮಧ್ಯಾಹ್ನ, ಪುರಭವನದಲ್ಲಿ ಜನವೋ ಜನ! ಹನ್ನೆರಡು ಮೇಜು. ನಮ್ಮ ಮೇಜಿನ ಮೇಲೆ ನಾವು ಹತ್ತು ಜನ ಒಡಹುಟ್ಟಿದವರು ಮಿರಮಿರನೆ ಮಿನುಗುತ್ತ ಸಾಲಾಗಿ ನಿಂತಿದ್ದೆವು. ನಾನೇ ಮೊದಲು! ಗಂಟೆ ಬಾರಿಸಿತು. ಎಲ್ಲ ಮೇಜುಗಳಲ್ಲೂ ನಾಲಿಗೆ ಚಾಚಿದರು, ನಮ್ಮ ಮೇಜಿನಲ್ಲಿ ಮಾತ್ರ ನೀರಿನ ಲೋಟ. ಒಂದು, ಎರಡು, ಮೂರು. ಬಚ್ಚಿ ತಲೆ ಎತ್ತುತ್ತಲೇ ಇರಲಿಲ್ಲ. ಸುತ್ತಿದ್ದನ್ನು ಎಡಗಡೆಗೆ ಚಾಚುತ್ತಿದ್ದಳು, ಮಾರ್ಗೊ ತೆಗೆದುಕೊಂಡು ನೂಲು ಬಿಗಿಯುತ್ತಿದ್ದಳು. ನಾಲ್ಕು, ಐದು. ಅಕ್ಕಪಕ್ಕದವರು ಮೂರರಲ್ಲಿದ್ದರು. ಜನ ನಮ್ಮ ಕಡೆ ನೆರೆದರು. ನನ್ನ ಎದೆ, ಟೊಳ್ಳು ಎದೆ, ಡವಡವ!

ಆರನೆಯದರಲ್ಲಿ ಮಾರ್ಗೊಳ ಬೆರಳು ಸೆಟೆದುಕೊಂಡಿತು. ಹೆಬ್ಬೆರಳು ಮಡಚಲೇ ಇಲ್ಲ. ನೂಲು ಕೈಯಿಂದ ಬಿದ್ದುಹೋಯಿತು. ಅವಳು ಹಿಂದೆ ಸರಿದು ಕೈಯನ್ನು ಎದೆಗೆ ಒತ್ತಿಕೊಂಡಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಸುಗಂಧಿ! ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಓಡಿ ಬಂದಿದ್ದಳು. ನಿನ್ನ ತಾಯಿಯ ಸ್ಪರ್ಧೆ ನೋಡಲು ಬಾ ಎಂದು ಮಾರ್ಗೊ ಬೆಳಿಗ್ಗೆ ಫೋನಿನಲ್ಲಿ ಹೇಳಿಟ್ಟಿದ್ದಳು, ಪಾಪ, ಒಳ್ಳೆಯ ಮನಸ್ಸಿನಿಂದ. ಜನರನ್ನು ಸರಿಸುತ್ತ ಬಂದ ಸುಗಂಧಿಯ ಮುಖ ಕೆಂಡವಾಗಿತ್ತು. "ಅಮ್ಮ, ಏಳ್. ಮನಿಗ್ ಹೋಪ. ಮರ್ಯಾದಿ ತೆಗಿಬ್ಯಾಡ."

ಬಚ್ಚಿಗೆ ಕೇಳಿಸಿತೋ ಇಲ್ಲವೋ. ಅವಳು ಆರನೆಯದನ್ನು ಸುತ್ತಿ ಮುಗಿಸಿದ್ದಳು. ಕಣ್ಣೆತ್ತದೆ, ಅಭ್ಯಾಸದಂತೆ, ಎಡಗಡೆಗೆ ಚಾಚಿದಳು.

"ಕಟ್ಟ್ ಹೆಣೆ."

ಹೆಣೆ, ಅವರ ಊರಲ್ಲಿ ಹುಡುಗಿಯರನ್ನು ಸಲುಗೆಯಿಂದ ಕರೆಯುವ ಮಾತು. ಸುಗಂಧಿ ಅಲ್ಲೇ ನಿಂತಳು. ಶಾಲೆಗೆ ಹೋಗುವ ಮುಂಚೆ ಪ್ರತಿ ಬೆಳಿಗ್ಗೆ, ಅಮ್ಮನ ಎಡಗಡೆ ಕೂತು, ಎಷ್ಟು ಸಾವಿರ ಬೀಡಿಗೆ ನೂಲು ಸುತ್ತಿದ್ದಳೋ ಆ ಹುಡುಗಿ. ಇಪ್ಪತ್ತು ವರ್ಷ ಅವಳು ಮರೆತಿದ್ದ ಕೆಲಸ. ಆದರೆ ಕೈ ಮರೆತಿರಲಿಲ್ಲ! ಅವಳು ಯೋಚಿಸುವ ಮುಂಚೆಯೇ ಕೈ ಮುಂದೆ ಬಂತು, ಜಾಯಿಂಟನ್ನು ತೆಗೆದುಕೊಂಡಿತು, ನೂಲು ಹೆಕ್ಕಿತು. ಮೂರು ಸುತ್ತು, ಒಂದು ಸಿಕ್ಕು. ಚೀಲ ಹೆಗಲಿಂದ ಜಾರಿ ನೆಲಕ್ಕೆ ಬಿತ್ತು, ಅವಳು ನೋಡಲಿಲ್ಲ. ಏಳು. ಎಂಟು. ಕುರ್ಚಿ ಎಳೆದು ಕೂತಳು. ಒಂಬತ್ತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಂಟೆ ಬಾರಿಸಲು ಇನ್ನೂ ಒಂದೂವರೆ ನಿಮಿಷ ಇರುವಾಗ ಹತ್ತನೆಯದೂ ಮೇಜಿನ ಮೇಲಿತ್ತು. ಅಯ್ಯೋ, ಆ ಗದ್ದಲ! ಮೇಜು ಗುದ್ದಿದರು, ಸಿಳ್ಳೆ ಹೊಡೆದರು, ಸೆಟೆದ ಕೈಯಲ್ಲೇ ಮಾರ್ಗೊ ಚಪ್ಪಾಳೆ ತಟ್ಟಿದಳು.

ತೀರ್ಪುಗಾರ ಮೊದಲು ನನ್ನನ್ನೇ ಹಿಡಿದು ಜಾಡಿಸಿದ. ಒಂದು. ಎರಡು. ಮೂರು. ನಾನು ಕಾಗದವನ್ನು ಬಿಟ್ಟುಕೊಡಲಿಲ್ಲ. ಹತ್ತರಲ್ಲಿ ಹತ್ತೂ ಹಾಗೆಯೇ. ಆದರೂ ಬಹುಮಾನ ನಮಗೆ ಬರಲಿಲ್ಲ. ನಡುವೆ ಜೋಡಿ ಬದಲಾದದ್ದು ನಿಯಮಕ್ಕೆ ವಿರುದ್ಧ ಎಂದರು. ಜನ ಕೂಗಾಡಿದರು, ಏನೂ ನಡೆಯಲಿಲ್ಲ.

ಆದರೆ ಮೈಕು ಹಿಡಿದ ಹೆಂಗಸು ಬಿಡಲಿಲ್ಲ. ಕೈಯಲ್ಲಿದ್ದ ಚೀಟಿ ನೋಡಿ ಕೇಳಿದಳು. ಶಿಕ್ಷಕಿಯವರೇ, ಈ ವಿದ್ಯೆ ಎಲ್ಲಿ ಕಲಿತಿರಿ?

"ಎಂತ ಕೇಂತ್ರ್ ಅವ್ರ್?" ಬಚ್ಚಿ ಮಗಳನ್ನು ಕೇಳಿದಳು.

"ಇದನ್ನ ಎಲ್ಲಿ ಕಲ್ತದ್ ಅಂದೇಳಿ ಕೇಂತ್ರ್."

ಬಚ್ಚಿ ಮಗಳ ಮುಖ ನೋಡಿದಳು. ನಿನಗೆ ಬೇಕಾದ್ದು ಹೇಳು ಎನ್ನುವ ಹಾಗೆ ಸೆರಗು ಸರಿಮಾಡಿಕೊಂಡು ಕೂತಳು. ಗುಂಪಿನಲ್ಲಿ ಕನ್ನಡ ಸಂಘದ ದಂಪತಿಯೊಬ್ಬರು ಇದ್ದದ್ದನ್ನು ಸುಗಂಧಿ ಕಂಡಳು, ಅವಳ ಕಣ್ಣು ಅಲ್ಲಿ ತಡೆದದ್ದನ್ನು ನಾನೂ ಕಂಡೆ. ಮೈಕು ಅವಳ ಬಾಯಿಯ ಮುಂದೆ ಬಂತು. ಹೇಳು ಸುಗಂಧಿ, ಹೇಳು! ನಾನು ಕೂಗಿದೆ, ಗಾಜಿನ ಕೂಗು ಯಾರಿಗೆ ಕೇಳುತ್ತದೆ.

ಅವಳು ಇಂಗ್ಲಿಷಿನಲ್ಲಿ ಹೇಳಿದಳು. ತನ್ನ ತಾಯಿ ಶಿಕ್ಷಕಿ ಅಲ್ಲ, ಅದು ತಾನು ಹೇಳಿದ ಸುಳ್ಳು ಎಂದಳು. ತಾಯಿ ಬೀಡಿ ಕಟ್ಟುತ್ತಿದ್ದರು, ದಿನಕ್ಕೆ ಸಾವಿರ ಬೀಡಿ, ಆ ಬೀಡಿಯಿಂದಲೇ ತಾನು ನರ್ಸ್ ಆದದ್ದು ಎಂದಳು. ಬೀಡಿ ಎಂದರೇನು ಎಂದು ಯಾರೋ ಕೇಳಿದರು. ಅವಳು ವಿವರಿಸಿದಳು, ಎಲೆ ಸುತ್ತಿ ನೂಲು ಬಿಗಿಯುವುದನ್ನು ಬೆರಳಲ್ಲೇ ತೋರಿಸಿದಳು. ಬಚ್ಚಿಗೆ ಆ ಇಂಗ್ಲಿಷಿನಲ್ಲಿ ಒಂದೇ ಒಂದು ಪದ ಗೊತ್ತಾಯಿತು. ಮೈಕಿನಲ್ಲಿ ಅದು ಮತ್ತೆ ಮತ್ತೆ ಬಂತು. ಬೀಡಿ. ಬೀಡಿ. ಅವಳು ಬಾಗಿದ್ದ ಕತ್ತನ್ನು ನಿಧಾನವಾಗಿ ನೆಟ್ಟಗೆ ಮಾಡಿ ಕೂತಳು. ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಕ್ಟೋಬರಿನಲ್ಲಿ ಬಚ್ಚಿ ಊರಿಗೆ ಹೋದಳು. ಮರುವರ್ಷ ಡಾಕ್ಟರು ಮಾರ್ಗೊಗೆ ಹೊಗೆ ಬೇಡವೇ ಬೇಡ ಎಂದರು. ಒಂದು ವಾರ ಅವರನ್ನು ಬೈದಳು, ಆಮೇಲೆ ಬಿಟ್ಟಳು. ನನ್ನ ಒಡಹುಟ್ಟಿದವರನ್ನು ಗೆಳೆಯರಿಗೆ ಹಂಚಿ, ನನ್ನನ್ನು ಸುಗಂಧಿಗೆ ಕೊಟ್ಟಳು. ಈಗ ಅವಳ ಮೇಜಿನ ಮೇಲೆ ಪೆನ್ನುಗಳ ಡಬ್ಬಿಯ ಪಕ್ಕ ಇದ್ದೇನೆ. ಬಾಯಿಯ ಅಂಚು ಒಂದಿಷ್ಟು ಒಡೆದಿದೆ. ನಾನು ಸಾಧು ವಸ್ತುವಲ್ಲ, ಅದು ನನಗೂ ಗೊತ್ತು. ನನ್ನೊಳಗಿಂದ ಹೋದದ್ದೆಲ್ಲ ಹೊಗೆಯೇ. ಬಚ್ಚಿಯ ಎದೆಯಲ್ಲಿ ಹೊಗೆಸೊಪ್ಪಿನ ಹುಡಿ ಮಾಡಿದ ಉಬ್ಬಸವೂ ಸುಳ್ಳಲ್ಲ. ಆದರೂ ಕೆಲಸ ಕಲಿತ ಕೈಗೆ ನಾಚಬೇಕಾದ್ದಿಲ್ಲ ಎಂದು ನಾನು ಯಾವ ಸಭೆಯಲ್ಲೂ ಹೇಳಬಲ್ಲೆ.

ನಿನ್ನೆ ಸುಗಂಧಿ ತಾಯಿಯನ್ನು ಮತ್ತೆ ಕರೆಸಿಕೊಳ್ಳಲು ವೀಸಾ ಅರ್ಜಿ ತುಂಬುತ್ತಿದ್ದಳು. ಫೋನಿನಲ್ಲಿ ಆ ಕಡೆ ಬಚ್ಚಿ. ಹೆಸರು, ಊರು, ಹುಟ್ಟಿದ ವರ್ಷ. ಆಮೇಲೆ ವೃತ್ತಿ ಎಂಬ ಜಾಗ ಬಂತು. ಸುಗಂಧಿ ಬರೆದಳು, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದಳು: "ಬೀಡಿ ಕಾರ್ಮಿಕೆ."

"ಇನ್ನೊಂದ್ ಸಲ ಓದ್ ಹೆಣೆ," ಎಂದಳು ಬಚ್ಚಿ.

ಸುಗಂಧಿ ಇನ್ನೊಂದು ಸಲ ಓದಿದಳು.