ಇಮಾನದಾಗೆ ಐತೆ

ಸತ್ತವನ ಕೈಯಿಂದ ಗಡಿಯಾರ ಬಿಚ್ಚಿಕೊಂಡವನ ಮೊಮ್ಮಗಳು ನಾನು. ಊರವರು ಹೇಳುವುದು ಹಾಗೆ. ಜಗಳೂರಿನಲ್ಲಿ ನಮ್ಮ ಗುಜರಿ ಅಂಗಡಿ ಎಲ್ಲಿ ಎಂದು ಕೇಳಿದರೆ ಹಳಬರು ಇವತ್ತಿಗೂ "ಗಡಿಯಾರದ ಬಡೇಸಾಬನ ಅಂಗ್ಡಿನಾ?" ಅನ್ನುತ್ತಾರೆ. ಅಂದವರನ್ನು ನಾನು ಸುಮ್ಮನೆ ಬಿಟ್ಟಿದ್ದಿಲ್ಲ. ಈ ನುಜಹತ್‌ಳ ಬಾಯಿ ಎಂಥದ್ದೆಂದು ಇಡೀ ಪೇಟೆಗೆ ಗೊತ್ತು.

ಮಹಾಯುದ್ಧದ ಕಾಲ, ೧೯೪೪. ಊರಾಚೆ ಹಾಳುಬಾವಿಯ ಕೆಸರಿಗೆ ಮೂತಿ ಇಟ್ಟು ಒಂದು ಯುದ್ಧವಿಮಾನ ಬಿತ್ತು. ಮೊದಲು ಓಡಿದವರು ನನ್ನ ದಾದಾ ಬಡೇಸಾಬ. ಸತ್ತ ಪೈಲಟ್‌ನ ಕೈಯಲ್ಲಿ ಗಡಿಯಾರ ಹೊಳೀತಿತ್ತು ಎಂದು ಊರಿಗೆಲ್ಲ ಹೇಳಿದವರೂ ಅವರೇ. ಮಾರನೆಯ ದಿನ ಮಿಲಿಟರಿಯವರು ರೆಕ್ಕೆ, ಬಾಲ, ಪೈಲಟ್‌ನ ದೇಹದ ಸಿಕ್ಕಷ್ಟು ಭಾಗ ಎಲ್ಲ ಲಾರಿಗೆ ತುಂಬಿದರು. ಗಡಿಯಾರ ಸಿಗಲಿಲ್ಲ. ಪರಸ್ಥಳದ ಪೊಲೀಸ್ ಅಧಿಕಾರಿ ಪೇಟೆಯ ನಡುವೆ ದಾದಾನ ಕೆನ್ನೆಗೆ ಹೊಡೆದು ಗಡಿಯಾರ ಎಲ್ಲಿ ಎಂದು ಕೇಳಿದ. ದಾದಾ ಅಂದದ್ದು ಒಂದೇ ಮಾತು: "ಇಮಾನದಾಗೆ ಐತೆ."

ಸಾಬರ ಬಾಯಲ್ಲಿ ಬಂದ ಮಾತು ನೋಡಿ, ಈಮಾನ್, ಅಂದರೆ ತನ್ನ ಧರ್ಮನಂಬಿಕೆಯ ಮೇಲೆ ಆಣೆ ಇಡುತ್ತಿದ್ದಾನೆ ಎಂದುಕೊಂಡರು. ಕಳ್ಳನಿಗೆ ಎಂಥಾ ಈಮಾನು ಎಂದು ನಕ್ಕರು. ನಮ್ಮ ಮನೆಯವರೂ ಹಾಗೆಯೇ ತಿಳಿದರು. ಸಿಟ್ಟು ಬಂದರೆ ನಾನು ಬಾಯಿ ತೆರೆಯುತ್ತೇನೆ, ದಾದಾ ಮುಚ್ಚುತ್ತಿದ್ದರಂತೆ. ಆ ವಿಷಯ ಮತ್ತೆ ಎತ್ತಲಿಲ್ಲ.

ಅಬ್ಬಾ ಕಲೀಮುಲ್ಲಾಗೆ ಈಗ ಎಂಬತ್ತೇಳು. ವರ್ಷದಿಂದ ಒಂದೇ ವರಾತ. "ಕಣ್ಣು ಮುಚ್ಚೋದ್ರೊಳಗೆ ಗೊತ್ತಾಗ್ಬೇಕಮ್ಮ. ಅಪ್ಪ ತಗಂಡಿದ್ರೋ, ಇಲ್ವೋ."

ಹೋದ ತಿಂಗಳು ಹೊನ್ನಾಳಿಯ ದುರುಗೇಶ್ ಆ ವಿಮಾನ ಬಿದ್ದ ಜಾಗ ಕೇಳುತ್ತಾ ಅಂಗಡಿಗೆ ಬಂದ. ಸೇನೆಯಿಂದ ನಿವೃತ್ತನಾದವನು, ಲೋಹ ಪತ್ತೆ ಮಾಡುವ ಯಂತ್ರವನ್ನು ಸ್ಕೂಟರಿಗೆ ಕಟ್ಟಿಕೊಂಡು ಯುದ್ಧಕಾಲದ ಚೂರುಪಾರು ಹುಡುಕುತ್ತಾ ತಿರುಗುತ್ತಾನೆ. ತಾಲ್ಲೂಕು ಕಚೇರಿಯ ಅನುಮತಿಯೂ ಇತ್ತು. ನಾನು ಅಂಗಡಿ ಮುಚ್ಚಿ ಅವನ ಸ್ಕೂಟರಿನ ಹಿಂದೆ ಕೂತೆ.

ಆ ಜಾಗ ಈಗ ಚೌಡಕ್ಕನ ಮೆಕ್ಕೆಜೋಳದ ಹೊಲ. ಬಾವಿ ತುಂಬಿಹೋಗಿ ಒಂದು ತಗ್ಗು ಮಾತ್ರ ಉಳಿದಿತ್ತು, ಮೇಲೆಲ್ಲ ಜಾಲಿ. ತಪ್ಪಿಸಿಕೊಂಡ ಕುರಿ ಹುಡುಕುತ್ತಿದ್ದ ಸೊಸೆಯನ್ನು ಚೌಡಕ್ಕ ಕೂಗುತ್ತಿದ್ದಳು. "ಏ ಮಾಲಾ, ಇಮಾನದಾಗೆ ಐತೆ ನೋಡೇ!"

ನಾನು ಅವಳ ಹತ್ತಿರ ಓಡಿದೆ. "ಏನಂದ್ರಿ? ಎಲ್ಲೈತೆ ಅಂದ್ರಿ?"

"ಆ ತಗ್ಗಿನಾಗೆ ಕಣ್ರೀ. ನಮ್ಮಜ್ಜನ ಕಾಲದಿಂದ ಅದಕ್ಕೆ ಇಮಾನ ಅಂತಾನೇ ಕರೀತೀವಿ. ಇಮಾನ ಬಿದ್ದಿತ್ತಲ್ಲ!"

ಅಯ್ಯೋ ದೇವರೇ. ದಾದಾ ಆಣೆ ಇಟ್ಟಿರಲಿಲ್ಲ. ಜಾಗ ಹೇಳಿದ್ದರು. ವಿಮಾನ ಪೂರ್ತಿ ಲಾರಿಯೇರಿ ಹೋಯಿತೆಂದುಕೊಂಡವರಿಗೆ ಇಮಾನ ಅಂದರೆ ವಿಮಾನ ಎಂದು ಹೊಳೆದೇ ಇರಲಿಲ್ಲ.

ಮೂರು ದಿನ ಅಗೆದೆವು. ಯಂತ್ರ ಕಿರುಚುತ್ತಲೇ ಇತ್ತು. ಮೊದಲು ಬಾಗಿದ ಪಂಖದ ಅಲಗು ಬಂತು, ಆಮೇಲೆ ಎಮ್ಮೆಗಾತ್ರದ ಎಂಜಿನ್. ದಿನಾ ತೂಕಕ್ಕೆ ಕಬ್ಬಿಣ ಹಾಕುವ ನನಗೆ ಅದನ್ನು ಮುಟ್ಟಲು ಕೈ ಬರಲಿಲ್ಲ. ಇದು ಆಕಾಶದಿಂದ ಬಿದ್ದದ್ದು, ಇದರೊಳಗೆ ಒಂದು ಜೀವ ಕೂತಿತ್ತು ಅನ್ನಿಸಿತು. ಅದರ ಪಕ್ಕದ ಜೇಡಿಮಣ್ಣನ್ನು ದುರುಗೇಶ್ ಕುಂಚದಿಂದ ಸರಿಸಿದ. ಮುಂಗೈಯ ತೆಳ್ಳಗಿನ ಎರಡು ಎಲುಬು. ಅವುಗಳ ಸುತ್ತ ಉಕ್ಕಿನ ಪಟ್ಟಿ, ಗಡಿಯಾರ.

ದುರುಗೇಶ್ ಎದ್ದು ನಿಂತು ಸೆಲ್ಯೂಟ್ ಹೊಡೆದ. ಚೌಡಕ್ಕ ತಲೆ ಮೇಲೆ ಸೆರಗು ಎಳೆದುಕೊಂಡು ಅತ್ತಳು. "ಎಂಥಾ ಎಳೇ ಕೈಯೋ ನನ್ನಪ್ಪಾ! ನಿನ್ ಸುತ್ತಾನೇ ಉಳ್ತಿದ್ವಲ್ಲೋ!"

ಪೊಲೀಸರಿಗೆ ಫೋನ್ ಮಾಡಿ, ಅವರು ಬರುವುದರೊಳಗೆ ಅಬ್ಬಾನನ್ನು ಆಟೋದಲ್ಲಿ ಕರೆತಂದೆ. ಗುಂಡಿಯ ಅಂಚಿನಲ್ಲಿ ಕೂತು ಅವರು ಬಗ್ಗಿ ನೋಡಿದರು. ನಾನು ತಡೆಯಲಾರದೆ ಕೂಗಿದೆ: "ನೋಡಿ ಅಬ್ಬಾ, ದಾದಾ ಕಳ್ಳ ಅಲ್ಲ! ಇನ್ನು ಪೇಟೆಯಾಗೆ ಯಾರು ಏನಂತಾರೋ ಅನ್ಲಿ, ನೋಡ್ಕಂತೀನಿ!"

"ಪೇಟೆಯೋರ್ನ ಬಿಡಮ್ಮ," ಅಂದರು ಅಬ್ಬಾ. "ಸಾಯೋ ದಿನ ಅಪ್ಪ ನನ್ ಕೈ ಹಿಡ್ಕಂಡು, ನೀನಾದ್ರೂ ನಂಬ್ತೀಯೇನೋ ಅಂದ್ರು. ನಾನು ಕೈ ಬಿಡಿಸ್ಕಂಡು ಹೊರಗೆ ಹೋದೆ."